ಸರ್ವರ್ ಎದ್ದು ಹಾಲು ಕೇಳಿದ ಮಧ್ಯಾಹ್ನ

ಕೋಲಾರದ ಹಾಲಿನ ಡೇರಿಯೊಂದರ ಕಂಪ್ಯೂಟರ್ ಕೋಣೆಯಲ್ಲಿ ನನಗೆ ಕೆಲಸ. ಅದು ಮೊದಲು ನನ್ನ ಅಕ್ಕನ ಕೆಲಸವಾಗಿತ್ತು. ಅವಳು ಡಿಪ್ಲೊಮಾ ಓದಿದವಳು, ನಾನು ಪಿಯುಸಿ. ಅವಳ ಕೈಕೆಳಗೆ ಆರು ವರ್ಷ ಬೈಸಿಕೊಳ್ಳುತ್ತ ಕಲಿತೆ. ಹೋದ ವರ್ಷ ಮಾವು ಹೂ ಬಿಡುವ ಕಾಲದಲ್ಲಿ ಅಕ್ಕ ಕಾಯಿಲೆ ಬಿದ್ದು, ಕಾಯಿ ಕಚ್ಚುವ ಹೊತ್ತಿಗೆ ಹೋಗಿಬಿಟ್ಟಳು. ಈಗ ಅವಳ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಅವಳು ನನಗಿಂತ ಎತ್ತರ. ಕುರ್ಚಿಯನ್ನು ಇನ್ನೂ ತಗ್ಗಿಸಿಲ್ಲ, ಹಾಗಾಗಿ ನನ್ನ ಕಾಲು ನೆಲಕ್ಕೆ ಸರಿಯಾಗಿ ಮುಟ್ಟುವುದಿಲ್ಲ.

ನಮ್ಮದು ಕ್ಯಾಲನೂರಿನ ಕಡೆ. ಅಮ್ಮ ಆಂಧ್ರದ ಗಡಿಯ ನಂಗಲಿಯಿಂದ ಬಂದವಳು. ಹಸುಗಳ ಜೊತೆ ತೆಲುಗು, ನಮ್ಮ ಜೊತೆ ಕನ್ನಡ, ಕೋಪ ಬಂದರೆ ಎಲ್ಲರ ಜೊತೆಗೂ ಎರಡೂ. ಚಿಕ್ಕವಳಿದ್ದಾಗ ಅಕ್ಕ ಮಹಾ ಸೋಮಾರಿ. ಅಮ್ಮ ಹಾಲು ಕರೆದು ಒಳಗೆ ಬರುವ ಸದ್ದು ಕೇಳಿದರೆ ಸಾಕು, ಕಣ್ಣು ಬಿಡದೆ ಹೊದಿಕೆಯ ಒಳಗಿನಿಂದಲೇ ಕೂಗುತ್ತಿದ್ದಳು: "ಲೇಚಿನಾನು. ಪಾಲು ವಚ್ಚಿನಾಯಾ?" ಎದ್ದಿದ್ದೀನಿ, ಹಾಲು ಬಂತಾ, ಎಂದು. ಎದ್ದಿರುತ್ತಿರಲಿಲ್ಲ.

ನಮ್ಮ ಡೇರಿಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದಲೂ ಹಾಲು ಬರುತ್ತದೆ. ಯಾವ ಊರಿನಿಂದ ಎಷ್ಟು ಲೀಟರು, ಫ್ಯಾಟ್ ಎಷ್ಟು ಎನ್ನುವುದೆಲ್ಲ ಎರಡು ಹೊತ್ತೂ ನಮ್ಮ ಹಾಲಿನ ಸರ್ವರ್‌ಗೆ ಬಂದು ಸೇರಬೇಕು. ನಮ್ಮ ಕೋಣೆಯ ಸರ್ವರ್‌ಗಳ ಹೊಟ್ಟೆಯಲ್ಲಿ ಡಿಸ್ಕ್ ಇಲ್ಲ. ಎಲ್ಲಕ್ಕೂ ಸೇರಿ ಪಕ್ಕದಲ್ಲಿ ಒಂದೇ ಸ್ಟೋರೇಜ್ ಪೆಟ್ಟಿಗೆ. ಸ್ವಿಚ್ ಒತ್ತಿದರೆ ಪ್ರತಿಯೊಂದು ಸರ್ವರ್ರೂ ನೆಟ್‌ವರ್ಕ್ ತಂತಿ ಹಿಡಿದು ಆ ಪೆಟ್ಟಿಗೆಗೆ ಹೋಗಿ, ತನಗೆಂದು ಇಟ್ಟ ಡಿಸ್ಕನ್ನು ಹುಡುಕಿ, ಓದಿಕೊಂಡು ಏಳುತ್ತದೆ. ಯಾವುದಕ್ಕೆ ಯಾವ ಡಿಸ್ಕ್ ಕಾಣಬೇಕೆಂದು ನಾವು ಟಿಕ್ ಹಾಕಿ ಹೇಳಬೇಕು. ಟಿಕ್ ಇಲ್ಲದ್ದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಅಕ್ಕ ಹಾಲಿನ ಸರ್ವರ್‌ಗೆ ಒಂದು ಕಿತಾಪತಿ ಮಾಡಿದ್ದಳು. ಅದು ಎದ್ದ ಕೂಡಲೇ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ತೆಲುಗು ಸಾಲು ಬರುವಂತೆ ಬರೆದಿದ್ದಳು. ಭಾನುವಾರ ಮಧ್ಯಾಹ್ನ ಸರ್ವರ್ ನಿಲ್ಲಿಸಿ ಎಬ್ಬಿಸುವುದು ನಮ್ಮಲ್ಲಿ ರೂಢಿ. ಅಕ್ಕ ಹೋದ ಮೇಲೆ ಆ ಕೆಲಸವನ್ನು ನಾನು ಒಂದು ಭಾನುವಾರವೂ ಬೇರೆಯವರಿಗೆ ಬಿಟ್ಟಿಲ್ಲ. ಸಾಲು ಬಂದ ತಕ್ಷಣ ಅಮ್ಮನಿಗೆ ಫೋನ್ ಮಾಡಿ "ಎದ್ದಳು" ಎನ್ನುತ್ತೇನೆ. ಅಮ್ಮ "ಸರಿ" ಎಂದು ಇಡುತ್ತಾಳೆ.

ಈ ವರ್ಷ ಆ ಸರ್ವರ್ ಹಳೆಯದಾಯಿತೆಂದು ಹೊಸದು ತರಿಸಿದರು. ಅದನ್ನು ಕೂರಿಸಲು ಮಾಲೂರಿನಿಂದ ಎಂಜಿನಿಯರ್ ಬಂದರು. ನಲವತ್ತು ದಾಟಿದವರು, ಮಾತು ಜಾಸ್ತಿ, ಕೆಲಸವೂ ಜಾಸ್ತಿ.

"ಹೊಸ ಮಿಷನ್ನಿಗೆ ಎಲ್ಲಾ ಹೊಸದಾಗೇ ಹಾಕಿಬಿಡೋಣ ಮೇಡಂ. ಹಳೇ ಕಸ ಯಾಕೆ?" ಎಂದರು.

ಆ ಕಸದಲ್ಲಿ ನನ್ನ ಅಕ್ಕ ಇದ್ದಾಳೆ ಎಂದು ಹೇಳಲಿಲ್ಲ. ಆ ಸಾಲನ್ನು ನಾನೇ ಇನ್ನೊಮ್ಮೆ ಬರೆಯಬಹುದಿತ್ತು ನಿಜ. ಆದರೆ ಆಗ ಅದು ನಾನು ಬರೆದದ್ದಾಗುತ್ತಿತ್ತು. "ಕ್ಲೋನ್ ಮಾಡೋಣ ಸಾರ್, ಹಳೇ ಡಿಸ್ಕಿಗೆ ಏನೂ ಆಗದ ಹಾಗೆ ಅದರ ನಕಲು ತೆಗೆದು ಹೊಸದಕ್ಕೆ ಕೊಡೋಣ. ನಾಲ್ಕು ತಾಲ್ಲೂಕಿನ ಸೆಟ್ಟಿಂಗ್ ಎಲ್ಲಾ ಅದರಲ್ಲೇ ಇದೆ" ಎಂದೆ. ಅದೂ ಸುಳ್ಳಲ್ಲ.

ಯಲ್ದೂರಿನವರಾದ ನಮ್ಮ ಮ್ಯಾನೇಜರ್ ಇಬ್ಬರ ಮಾತನ್ನೂ ಕೇಳಿದರು. "ನೋಡಮ್ಮ, ಸಂಜೆ ಹಾಲು ಬರೋದರೊಳಗೆ ನಿನ್ನ ಕ್ಲೋನು ಎದ್ದು ನಿಂತರೆ ಸರಿ. ಇಲ್ಲಾಂದ್ರೆ ಅವರು ಹೇಳಿದಂಗೆ ಹೊಸದು, ಹಳೇ ಡಿಸ್ಕ್ ಅಳಿಸಿಬಿಡೋದು. ಪೆಟ್ಟಿಗೇಲಿ ಎರಡನ್ನೂ ಜಾಸ್ತಿ ದಿನ ಇಟ್ಕೊಳ್ಳೋಕೆ ಜಾಗ ಇಲ್ಲ. ಐದು ಗಂಟೆ" ಎಂದರು.

ಬೆಳಗಿನ ಹಾಲಿನ ಲೆಕ್ಕ ಮುಗಿದ ಮೇಲೆ ಹಳೆಯ ಸರ್ವರ್ ನಿಲ್ಲಿಸಿದೆವು. ಅದರ ಡಿಸ್ಕಿನ ನಕಲು ಪೆಟ್ಟಿಗೆಯೊಳಗೇ ತಯಾರಾಗತೊಡಗಿತು. ಅದು ಮುಗಿಯುವವರೆಗೆ ಎಂಜಿನಿಯರ್ ನನ್ನ ಬುತ್ತಿಯ ಅರ್ಧ ಮುದ್ದೆ ತಿಂದು, ಸಾರಿಗೆ ಉಪ್ಪು ಕಡಿಮೆ ಎಂದರು. ಇನ್ನೊಂದು ಸೌಟು ಹಾಕಿಸಿಕೊಂಡೂ ಅದನ್ನೇ ಹೇಳಿದರು. ಎರಡೂವರೆಗೆ ನಕಲು ಮುಗಿಯಿತು. ಹೊಸ ಸರ್ವರ್‌ಗೆ ಟಿಕ್ ಹಾಕುವುದು ನನ್ನ ಪಾಲಿಗೆ ಬಂತು.

ಅಲ್ಲೇ ನಾನು ತಪ್ಪು ಮಾಡಿದೆ. ನಮ್ಮ ಮನೆಯಲ್ಲಿ ಹಸು ಈದ ಮೊದಲ ದಿನಗಳಲ್ಲಿ ಕರುವನ್ನು ತಾಯಿಯಿಂದ ದೂರ ಕಟ್ಟುವುದಿಲ್ಲ. ಕೈಯಲ್ಲಿ ಆ ಬುದ್ಧಿಯೇ ಇತ್ತೋ ಏನೋ. ಹೊಸ ನಕಲಿಗೆ ಏನಾದರೂ ಕಡಿಮೆಯಾದರೆ ಮೂಲದಿಂದ ತೆಗೆದುಕೊಳ್ಳಲಿ ಎಂದು, ನಕಲಿಗೂ ಟಿಕ್ ಹಾಕಿದೆ, ಮೂಲಕ್ಕೂ ಹಾಕಿದೆ.

ಸ್ವಿಚ್ ಒತ್ತಿದೆವು. ಸಾಲುಸಾಲು ಅಕ್ಷರಗಳು ಓಡಿ, ನಡುವೆ ನಿಂತವು. ಕೆಂಪಿನಲ್ಲಿ ಏನೋ ಬಂತು. ಇನ್ನೊಮ್ಮೆ ಒತ್ತಿದರೂ ಅಲ್ಲೇ ನಿಂತಿತು. ಮತ್ತೊಮ್ಮೆಯೂ ಅಷ್ಟೇ.

"ಕಾಪಿ ಸರಿಯಾಗಿ ಬಂದಿಲ್ಲ ಮೇಡಂ. ನಾನು ಆಗಲೇ ಹೇಳ್ದೆ" ಎಂದರು ಎಂಜಿನಿಯರ್. ಗಂಟೆ ಮೂರೂಮುಕ್ಕಾಲು. "ಇನ್ನೊಂದು ಸಲ ಕಾಪಿ ಮಾಡೋಕೆ ಟೈಮಿಲ್ಲ. ಟೀ ಕುಡಿದು ಬರ್ತೀನಿ, ಆಮೇಲೆ ಹೊಸದು ಶುರು ಮಾಡ್ತೀನಿ."

ಅವರು ಹೋದ ಮೇಲೆ ಕೆಳಗಿನ ಡ್ರಾಯರ್ ಎಳೆದೆ. ಅದರಲ್ಲಿ ಅಕ್ಕನ ನೋಟ್ ಬುಕ್ ಇತ್ತು. ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಹಾಳೆಯಿಂದ ಅವಳೇ ಹೊದಿಕೆ ಹಾಕಿದ್ದಳು. ಅವಳು ಹೋದ ಮೇಲೆ ಅದನ್ನು ತೆರೆದಿರಲಿಲ್ಲ. ಪರದೆಯ ಮೇಲಿನ ಸಾಲನ್ನು ನೋಡಬಲ್ಲೆ, ಅವಳ ಕೈಬರಹ ನೋಡಲು ಆಗುತ್ತಿರಲಿಲ್ಲ. ಈಗ ಬೇರೆ ದಾರಿ ಇರಲಿಲ್ಲ. ಮೊದಲ ಪುಟದಲ್ಲೇ ನನಗೆ ಬೈಗುಳ: "ಲೇ, ನನ್ನನ್ನ ಕೇಳೋಕೆ ಮುಂಚೆ ಇದನ್ನ ಓದು." ಓದಿ ನಗು ಬಂತು. ನಗುತ್ತಲೇ ಪುಟ ತಿರುಗಿಸಿದೆ.

ಕ್ಲೋನ್ ಎಂಬ ತಲೆಬರಹದ ಕೆಳಗೆ ಅಂಕಿ ಹಾಕಿದ ಏಳೆಂಟು ಸಾಲುಗಳಿದ್ದವು. ಕೊನೆಯದಕ್ಕೆ ಎರಡು ಗೆರೆ ಎಳೆದಿದ್ದಳು. "ತಾಯಿ, ಕರು ಎರಡನ್ನೂ ಒಂದೇ ಕೊಟ್ಟಿಗೆಗೆ ಬಿಡಬೇಡ. ಎರಡರ ಮೈಮೇಲೂ ಒಂದೇ ಗುರುತು ಇರುತ್ತೆ, ಸರ್ವರ್‌ಗೆ ಯಾವುದು ತನ್ನದು ಅಂತ ಗೊತ್ತಾಗಲ್ಲ. ಹಾಲು ಕರೆಯೋಕೆ ಮುಂಚೆ ಒಂದನ್ನ ಕಟ್ಟು ಕಣೇ. ಅವತ್ತು ಚೊಂಬು ಉರುಳಿಸಿದ್ದು ನೆನಪಿದೆಯಲ್ಲ?"

ನೆನಪಿತ್ತು. ನಾನು ಕರು ಕಟ್ಟುವುದನ್ನು ಮರೆತು ಕರೆಯಲು ಕೂತಿದ್ದೆ. ಅದು ನುಗ್ಗಿ ಬಂದು, ಹಸು ಸರಿದು, ಚೊಂಬು ಉರುಳಿ, ಇಡೀ ಹಾಲು ನನ್ನ ಲಂಗದ ಮೇಲೆ ಚೆಲ್ಲಿತ್ತು. ಅಮ್ಮ ಕೇಳಿದಾಗ ಅಕ್ಕ ತಾನು ಚೆಲ್ಲಿದೆ ಎಂದಿದ್ದಳು. ನನ್ನ ಲಂಗ ತೊಟ್ಟಿಕ್ಕುತ್ತಿದ್ದುದನ್ನು ಅಮ್ಮ ನೋಡುತ್ತಲೇ ಇದ್ದಳು.

ನೋಟ್ ಬುಕ್ಕನ್ನು ಮೇಜಿನ ಮೇಲೆ ತೆರೆದೇ ಇಟ್ಟು, ಮೂಲ ಡಿಸ್ಕಿನ ಟಿಕ್ ತೆಗೆದೆ. ಈಗ ಹೊಸ ಸರ್ವರ್‌ಗೆ ಕಾಣುವುದು ನಕಲು ಮಾತ್ರ. ಎಂಜಿನಿಯರ್ ನನಗೂ ಒಂದು ಲೋಟ ಟೀ ಹಿಡಿದು ಬಾಗಿಲಲ್ಲಿ ನಿಂತಾಗ ಸ್ವಿಚ್ ಒತ್ತಿದೆ. ಅಕ್ಷರಗಳು ಓಡಿದವು. ಹಿಂದೆ ನಿಂತಿದ್ದ ಜಾಗ ಬಂತು, ದಾಟಿತು. ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಯಿತು.

ಲೇಚಿನಾನು. ಪಾಲು ವಚ್ಚಿನಾಯಾ?

ಎಂಜಿನಿಯರ್ ಬಗ್ಗಿ ಓದಿದರು. "ಇದೇನ್ ಮೇಡಂ, ನಿಮ್ ಸರ್ವರ್ ತೆಲುಗು ಮಾತಾಡ್ತದೆ?"

"ನಮ್ಮಕ್ಕ ಬರೆದದ್ದು ಸಾರ್. ಈ ಕುರ್ಚಿಯಲ್ಲಿ ಇದ್ದೋರು."

ಅವರು ಪರದೆ ನೋಡಿದರು, ಮೇಜಿನ ಮೇಲಿನ ನೋಟ್ ಬುಕ್ ನೋಡಿದರು, ನೆಲ ಮುಟ್ಟದ ನನ್ನ ಕಾಲು ನೋಡಿದರು. "ಮೊದಲೇ ಹೇಳೋದಲ್ವಾ. ಕಸ ಅಂದ್ಬಿಟ್ಟೆ" ಎಂದರು. ಆಮೇಲೆ ಎರಡು ಗೆರೆ ಎಳೆದ ಆ ಸಾಲನ್ನು ಓದಿ, ತಮ್ಮ ಫೋನಿನಲ್ಲಿ ಫೋಟೊ ತೆಗೆದುಕೊಂಡರು. "ಇಷ್ಟು ನೀಟಾಗಿ ನಮಗೆ ಟ್ರೈನಿಂಗಲ್ಲೂ ಹೇಳಿಲ್ಲ."

ಅಷ್ಟರಲ್ಲಿ, ಐದಕ್ಕೂ ಮುಂಚೆಯೇ, ಮುಳಬಾಗಿಲಿನ ಸಂಜೆಯ ಮೊದಲ ಲೆಕ್ಕ ಹೊಸ ಸರ್ವರ್‌ಗೆ ಬಂದು ಬಿತ್ತು. "ವಚ್ಚಿನಾಯಿ" ಎಂದೆ, ಬಂತು ಕಣೇ ಎಂದು, ಯಾರಿಗೂ ಕೇಳಿಸದ ಹಾಗೆ. ಮೂಲ ಡಿಸ್ಕನ್ನು ಒಂದು ವಾರ ಇಟ್ಟು ಆಮೇಲೆ ಅಳಿಸಲು ಮ್ಯಾನೇಜರ್ ಒಪ್ಪಿದರು. ಅಕ್ಕನ ಸಾಲು ನಕಲಿನಲ್ಲೂ ಇರುವುದರಿಂದ ಅದನ್ನು ಅಳಿಸುವಾಗ ಅಷ್ಟು ಕಷ್ಟವಾಗಲಾರದು ಎನಿಸಿತು.

ಅಂದು ಭಾನುವಾರವಲ್ಲ. ಆದರೂ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ಎದ್ದಳು."

ಆ ಕಡೆ ಅಮ್ಮ ಕೊಟ್ಟಿಗೆಯಲ್ಲಿ ಚೊಂಬು ಕೆಳಗಿಟ್ಟ ಸದ್ದು ಕೇಳಿಸಿತು.

"ಗಂಟೆ ಎಷ್ಟೀಗ?"

"ನಾಲ್ಕೂವರೆ."

"ನಾಲ್ಕೂವರೆಗೆ ಏಳೋದಾ? ಯಾವತ್ತು ತಾನೇ ಹೊತ್ತಿಗೆ ಸರಿಯಾಗಿ ಎದ್ದಿದ್ದಾಳೆ ಅವಳು. ಇಡೇ ಫೋನು, ಕರು ಕಟ್ಟಿಲ್ಲ ಇನ್ನೂ."