ಬಿಸ್ಕೀಟು ಡಬ್ಬಿಯ ಗುಳಿಗೆ

ಕಸ್ತೂರಬಾಯಿಯ ಮನೆಯಲ್ಲಿ ಏನನ್ನೂ ಎಸೆಯುವ ಪದ್ಧತಿಯಿಲ್ಲ. ಸೋಲಾಪುರದ ಜವಳಿ ವ್ಯಾಪಾರಿಗಳ ಮನೆ ಅದು. ಗಂಟು ಕಟ್ಟಿ ಬಂದ ಸುತಳಿ ಕೂಡ ಉಂಡೆಯಾಗಿ ಗೂಟಕ್ಕೆ ನೇತಾಡುತ್ತದೆ. ಹಾಗಿರುವಾಗ ದುಡ್ಡು ಕೊಟ್ಟು ತಂದ ಗುಳಿಗೆಯನ್ನು ಎಸೆಯುವುದುಂಟೇ? ಯಾರದೋ ಜ್ವರ ಬಿಟ್ಟ ಮೇಲೆ ಉಳಿದದ್ದೆಲ್ಲ ಅವಳ ಬಿಸ್ಕೀಟು ಡಬ್ಬಿ ಸೇರುತ್ತಿತ್ತು. ಗಲ್ಲಿಯಲ್ಲಿ ಯಾರಿಗೆ ಮೈ ಸರಿಯಿಲ್ಲದಿದ್ದರೂ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು. ಬಾಯಾರ ಕೈಗುಣ ಚಲೋ ಎಂದು ನಾಲ್ಕು ಜನ ಅಂದಿದ್ದರು. ನಿಜ ಹೇಳಬೇಕೆಂದರೆ, ಆ ಹೊಗಳಿಕೆ ಅವಳಿಗೆ ಬಲು ರುಚಿಸಿತ್ತು.

ಹಣಮವ್ವ ಹತ್ತಿರದ ಹಳ್ಳಿ ವಳಸಂಗದವಳು. ದಿನಾ ಬೆಳಗಿನ ಬಸ್ಸಿಗೆ ಮಜ್ಜಿಗೆಯ ಕೊಡ ತಂದು ಗಲ್ಲಿಯಲ್ಲಿ ಮಾರುವಳು. ಅಮಾವಾಸ್ಯೆಯ ದಿನ ಮಾತ್ರ ದುಡ್ಡು ಮುಟ್ಟುತ್ತಿರಲಿಲ್ಲ; ಅಂದಿನ ಮಜ್ಜಿಗೆ ಬೀರೋಬಾ ದೇವರದು, ಕೇಳಿದವರಿಗೆಲ್ಲ ಪುಕ್ಕಟೆ. ಹದಿನೆಂಟು ವರ್ಷದಿಂದ ಕಸ್ತೂರಬಾಯಿಯ ಮನೆಯಲ್ಲಿ ಹಾಲಿಗೆ ಹೆಪ್ಪು ಬೀಳುತ್ತಿದ್ದುದೂ ಅವಳ ಮಜ್ಜಿಗೆಯದೇ.

ಹೋದ ಮಳೆಗಾಲದಲ್ಲಿ ಹಣಮವ್ವ ಮೂಗು ಸೋರಿಸುತ್ತ, ಸುಡುವ ಮೈಯಲ್ಲಿ ಬಂದಳು.

"ದವಾಖಾನಿಗೆ ಯಾಕ ಹೋಗ್ತಿ? ನಮ್ಮ ಅವಿನಾಶನ ಹಲ್ಲಿನ ಗುಳಿಗಿ ಉಳದಾವ, ತೊಗೊ. ಭಾಳ ಭಾರೀ ಗುಳಿಗಿ, ಆಂಟಿಬಯೋಟಿಕ್," ಎಂದು ಕಸ್ತೂರಬಾಯಿ ಮಗನಿಗೆ ತಂದಿದ್ದ ಆರು ಕ್ಯಾಪ್ಸೂಲು ಅವಳ ಅಂಗೈಗೆ ಹಾಕಿದಳು.

ಜ್ವರ ಇಳಿಯಿತು, ಅದು ಹೇಗೂ ಇಳಿಯುವಂಥದ್ದೇ. ಆದರೆ ಹೊಟ್ಟೆ ಕೆಟ್ಟಿತು, ನೀರಿನಂತೆ ಭೇದಿ. "ಡೋಸ್ ಕಮ್ಮಿ ಬಿದ್ದೈತಿ," ಎಂದು ಕಸ್ತೂರಬಾಯಿ ಸೊಸೆಗೆ ಯಾವಾಗಲೋ ತಂದಿದ್ದ ಅಂಥದೇ ಬೇರೊಂದು ಗುಳಿಗೆಯನ್ನೂ ಕೊಟ್ಟು ಕಳಿಸಿದಳು. ಅಯ್ಯೋ, ಅಲ್ಲಿಗಾದರೂ ಸುಮ್ಮನಿರಬಾರದಿತ್ತೇ!

ಮಜ್ಜಿಗೆ ಬರುವುದು ನಿಂತಿತು. ಎಂಟನೆಯ ದಿನ ಹಣಮವ್ವನ ಗಂಡ ಮಲಕಾಜಪ್ಪ ಫೋನು ಮಾಡಿದ: "ಹೊಟ್ಟಿ ನಿಲ್ಲವಲ್ದರಿ ಬಾಯಾರ. ಸೋಲಾಪುರಕ್ಕ ತಂದು ದವಾಖಾನ್ಯಾಗ ಇಟ್ಟೀವಿ."

ಕಸ್ತೂರಬಾಯಿ ಡಬ್ಬಿಯನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋದಳು. ಹೇಳಿಬಿಡಬೇಕು ಎಂದುಕೊಂಡೇ ಹೋದಳು. ಹಾಸಿಗೆಯ ಮೇಲೆ ಹಣಮವ್ವನ ಕಣ್ಣುಗಳು ಗುಳಿಬಿದ್ದಿದ್ದವು. ಡಾಕ್ಟರು ಕೇಳುತ್ತಿದ್ದರು, "ಇದಕ್ಕ ಮೊದಲ ಯಾವುದರೆ ಗುಳಿಗಿ ತೊಗೊಂಡಿದ್ದೇನವ್ವಾ?"

"ಇಲ್ರಿ ಸಾಹೇಬ್ರ. ಬೀಗರ ಮನ್ಯಾಗ ಹಳಸಿದ್ದು ಉಂಡಿದ್ನಿ," ಎಂದಳು ಹಣಮವ್ವ. ಎಂದವಳೇ ಕಸ್ತೂರಬಾಯಿಯ ಕಡೆ ನೋಡಿ, ಸುಮ್ಮನಿರಿ ಎನ್ನುವಂತೆ ಕಣ್ಣು ಮುಚ್ಚಿ ತೆರೆದಳು.

ಕಸ್ತೂರಬಾಯಿ ಚೀಲವನ್ನು ಒತ್ತಿ ಹಿಡಿದಳು. ಗಲ್ಲಿಯವರು ಏನಂದಾರು? ಮಲಕಾಜಪ್ಪ ಏನಂದಾನು? ತಾನಾಗಿ ಸಿಕ್ಕ ದಾರಿ, ತಪ್ಪಿಸಿಕೊಳ್ಳಬಹುದಿತ್ತು. ಒಂದು ಗಳಿಗೆ ತಪ್ಪಿಸಿಕೊಂಡಳು ಕೂಡ, ಸೆರಗು ಸರಿಮಾಡಿಕೊಳ್ಳುತ್ತ ನಿಂತಳು.

"ಹಂಗಾದ್ರ ಆಂಟಿಬಯೋಟಿಕ್ ಚಾಲೂ ಮಾಡೂಣು," ಎಂದು ಡಾಕ್ಟರು ಬರೆಯತೊಡಗಿದರು.

"ಬ್ಯಾಡ್ರಿ!" ಕಸ್ತೂರಬಾಯಿ ಕೂಗಿದಳು. "ಅದನ್ನ ನಾನಽ ಕೊಟ್ಟೀನ್ರಿ. ಒಂದಲ್ಲ, ಎರಡು ನಮೂನಿ ಕೊಟ್ಟೀನಿ."

ಡಬ್ಬಿ ತೆಗೆದು ಖಾಲಿ ಪಾಕೀಟುಗಳನ್ನು ಮುಂದಿಟ್ಟಳು. ಹೆಸರು ಓದಿದ ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. "ಕೆಟ್ಟ ಕ್ರಿಮಿ ಕೊಲ್ಲೂ ಔಷಧ ಇದು. ಹೊಟ್ಟಿ ಕಾಯೂ ಒಳ್ಳೆ ಕ್ರಿಮಿನೂ ಕೊಲ್ಲತದ. ಅವು ಸತ್ತ ಜಾಗಾದಾಗ ಮತ್ತೊಂದು ಕೆಟ್ಟದ್ದು ಬೆಳದಿರಬೇಕು. ಇನ್ನೊಂದು ಡೋಸ್ ಬಿದ್ದಿದ್ರ ಜೀವಕ್ಕಽ ಬರ್ತಿತ್ತು," ಎಂದು ಗದರಿ, ತಪಾಸಣೆಗೆ ಕಳಿಸಿದರು. ಕಸ್ತೂರಬಾಯಿ ತಂದುಕೊಟ್ಟಿದ್ದ ಚಹಾವನ್ನು ಮಲಕಾಜಪ್ಪ ಕುಡಿಯದೆ ಕಿಟಕಿಯಲ್ಲಿಟ್ಟ. ಅವನು ಬೈದಿದ್ದರೆ ಚೆನ್ನಾಗಿತ್ತು.

ಬೇರೆ ಔಷಧಿ ಕೊಟ್ಟ ಮೇಲೆ ಭೇದಿ ನಿಂತಿತು. ಮನೆಗೆ ಕಳಿಸುವಾಗ ಡಾಕ್ಟರು ಮೆತ್ತಗಿನ ಅನ್ನ, ಬಾಳೆಹಣ್ಣು, ಜೋಳದ ಅಂಬಲಿ, ಮೊಸರು ಎಂದು ಹೇಳಿ, ಹೊಟ್ಟೆ ಮೊದಲಿನಂತಾಗಲು ತಿಂಗಳುಗಳೇ ಬೇಕು ಎಂದರು. ಊರಿಗೆಲ್ಲ ಮಜ್ಜಿಗೆ ಕೊಟ್ಟವಳ ಮನೆಯಲ್ಲಿ ಈಗ ಮೊಸರೇ ಇಲ್ಲ. ಕಡೆಯುವವರಿಲ್ಲದೆ ಹಾಲೆಲ್ಲ ಡೇರಿಗೆ ಹೋಗಿ, ಹೆಪ್ಪು ಕೂಡ ಉಳಿದಿರಲಿಲ್ಲ. ಕಸ್ತೂರಬಾಯಿ ದಿನಾ ಮೊಸರು ತುಂಬಿದ ಡಬ್ಬಿ ಹಿಡಿದು ವಳಸಂಗದ ಬಸ್ಸು ಹತ್ತಿದಳು.

ಹಣಮವ್ವ ಒಂದು ಚಮಚ ಬಾಯಿಗಿಟ್ಟು ನಕ್ಕಳು. "ನಮ್ಮ ಹೆಪ್ಪಽ ಐತ್ರಿ ಇದು." ಕಸ್ತೂರಬಾಯಿಗೆ ಮಾತ್ರ ನಗು ಬರಲಿಲ್ಲ.

ಎರಡೂವರೆ ತಿಂಗಳಾದ ಮೇಲೆ ಗಲ್ಲಿಯಲ್ಲಿ ಮತ್ತೆ ಮಜ್ಜಿಗೆಯ ಕೂಗು ಕೇಳಿಸಿತು. ಹಣಮವ್ವ ಕಟ್ಟೆಯ ಮೇಲೆ ಕೊಡ ಇಳಿಸಿ ಮೊಣಕಾಲು ಒತ್ತಿಕೊಂಡಳು.

"ಬಾಯಾರ, ಕಾಲು ಹಿಡದೈತಿ. ನಿಮ್ಮ ಡಬ್ಬ್ಯಾಗ ಏನರ ಐತೇನ್ರಿ?"

ಆ ಡಬ್ಬಿಯಲ್ಲಿ ಈಗ ಬರೀ ಸುತಳಿ.

"ಏನೂ ಇಲ್ಲ ಹಣಮವ್ವಾ. ನಡಿ, ಡಾಕ್ಟರ್ ಕಡೆ ಹೋಗೂಣು."

"ಅಲ್ರೀ, ಡಾಕ್ಟರ್ ಯಾಕ? ನಿಮ್ಮ ಕೈಗುಣ ಚಲೋ ಐತಿ," ಎಂದು ಹಣಮವ್ವ ಅವಳ ಪಾತ್ರೆ ತುಂಬ ಮಜ್ಜಿಗೆ ಸುರಿದಳು. ಕಸ್ತೂರಬಾಯಿ ದುಡ್ಡು ಚಾಚಿದಾಗ ಕೈ ಹಿಂದೆ ಸರಿಸಿದಳು. "ಇವತ್ತು ಅಮಾಸಿರಿ, ಬಾಯಾರ."