ಹೊತ್ತು ಮೂಡುವ ಮುಂಚಿನ ತಾರೀಕು

1971ರ ಫೆಬ್ರವರಿ ಎಂದು ಬರೆಯುತ್ತಿದ್ದೇನೆ. ಅದರ ಹಿಂದಿನ ವರ್ಷವೂ ಆಗಿರಬಹುದು. ಆ ವಾರದ ನನ್ನ ದಿನಚರಿಯಲ್ಲಿರುವುದು ಒಂದೇ ಸಾಲು: ‘ಮರವಂತೆ ಹೊಂದುತ್ತಿಲ್ಲ.’ ಉಳಿದದ್ದನ್ನು ನೆನಪಿನಿಂದ ತುಂಬುತ್ತಿದ್ದೇನೆ. ಕೆಲವು ವಿವರಗಳು ತಪ್ಪಿರಲಿಕ್ಕೂ ಸಾಕು.

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಬೊಂಬಾಯಿಯ ಒಂದು ಸಂಶೋಧನಾ ಕಚೇರಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಕಂಪ್ಯೂಟರಿಗೆ ಹೇಳಬೇಕಾದದ್ದನ್ನೆಲ್ಲ ಆಗ ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಹೇಳುತ್ತಿದ್ದೆವು. ಕಾರ್ಡಿನ ಕಟ್ಟನ್ನು ಇಂದು ಕೊಟ್ಟರೆ ಅಚ್ಚಾದ ಉತ್ತರ ಬರುವುದು ನಾಳೆ. ಒಂದು ಅಲ್ಪವಿರಾಮ ತಪ್ಪಿದರೆ ಒಂದು ದಿನ ಹೋಯಿತು.

ಕರಾವಳಿಯ ಕಡಲ್ಕೊರೆತದ ಅಧ್ಯಯನವೊಂದು ನಮ್ಮ ವಿಭಾಗಕ್ಕೆ ಬಂದಿತ್ತು. ಹಲವು ಊರುಗಳಲ್ಲಿ ನೀರಿನಲ್ಲಿ ಅಳತೆಗೋಲು ನೆಟ್ಟು, ಭರತ, ಎಂದರೆ ನೀರಿನ ಉಬ್ಬರ, ಬಂದ ವೇಳೆ ಮತ್ತು ನೀರಿನ ಮಟ್ಟವನ್ನು ಊರಿನವರಿಂದಲೇ ಬರೆಸಿದ್ದರು. ಮರವಂತೆಯಲ್ಲಿ, ಹೆದ್ದಾರಿಯ ಮೂಡು ಬದಿಗೆ ಕಡಲ ನೀರು ಏರಿಬರುವ ಹೊಳೆಯಲ್ಲಿ, ಆ ಕೆಲಸ ವಹಿಸಿಕೊಂಡವರು ನನ್ನ ಸೋದರಮಾವ, ನಿವೃತ್ತ ಶಾಲಾ ಮಾಸ್ತರರು. ಎರಡು ವರ್ಷ ಬರೆದು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡರು. ರಜೆ ಸಿಗದೆ ನಾನು ಹೋಗಲಿಲ್ಲ. ರಜೆ ನಿಜಕ್ಕೂ ಸಿಗಲಿಲ್ಲವೋ, ನಾನು ಗಟ್ಟಿಯಾಗಿ ಕೇಳಲಿಲ್ಲವೋ, ಈಗ ಹೇಳಲಾರೆ.

ಅವರು ಅಳತೆ ಬರೆದಿಟ್ಟ ಪುಸ್ತಕ ನನ್ನ ಮೇಜಿಗೆ ಬಂದಾಗ ಅಕ್ಷರದಿಂದಲೇ ಗುರುತು ಹಿಡಿದೆ. ಯಂತ್ರದ ಕೋಣೆಯ ತಣ್ಣನೆ ಗಾಳಿಯಲ್ಲಿ ಸ್ವೆಟರ್ ಹಾಕಿಕೊಂಡು ಆ ಅಂಕಿಗಳನ್ನು ಓದುವಾಗ, ಕಣ್ಣೆದುರು ಏರುತ್ತ ಇಳಿಯುತ್ತ ಇದ್ದದ್ದು ನಮ್ಮೂರ ಹೊಳೆ. ಒಂದು ಪುಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದೆ.

ಒಂದು ಭರತಕ್ಕೂ ಮುಂದಿನ ಭರತಕ್ಕೂ ನಡುವೆ ಹೆಚ್ಚುಕಡಿಮೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಮಿಕ್ಕ ಊರುಗಳಿಗೆ ಪ್ರೋಗ್ರಾಂ ಅದನ್ನೇ ಕೊಟ್ಟಿತು. ಮರವಂತೆಗೆ ಮಾತ್ರ ಒಮ್ಮೆ ಹನ್ನೊಂದು ಮೂವತ್ತೈದು, ಮರುಸಲ ಹದಿಮೂರು ಹದಿನೈದು. ಕೆಲವು ದಿನ ಹೀಗೆ ಕುಂಟಿ, ಆಮೇಲೆ ಸರಿಯಾಗಿ, ಮತ್ತೆ ಕುಂಟುತ್ತಿತ್ತು.

ಮೊದಲು ಅನುಮಾನಿಸಿದ್ದು ನನ್ನನ್ನೇ. ಫೋರ್ಟ್ರಾನ್ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷ ಸದ್ದಿಲ್ಲದೆ ಬಿದ್ದುಹೋಗುತ್ತದೆ. ನಿಮಿಷವನ್ನು ಗಂಟೆಗೆ ತಿರುಗಿಸುವ ಸಾಲಿನಲ್ಲಿ ಅದನ್ನು ಹುಡುಕಿದೆ. ಇರಲಿಲ್ಲ. ಪ್ರತಿ ಹಂತದ ಉತ್ತರವನ್ನೂ ಅಚ್ಚು ಹಾಕಿಸಿದೆ. ಒಂದು ವಾರದ ಕಾರ್ಡುಗಳನ್ನಷ್ಟೇ ಕೊಟ್ಟು, ಅದೇ ಲೆಕ್ಕವನ್ನು ಕೈಯಲ್ಲಿ ಮಾಡಿ ಹೋಲಿಸಿದೆ. ಎರಡೂ ಒಂದೇ ಆಗಿದ್ದವು.

ವಿಭಾಗದ ಮುಖ್ಯಸ್ಥರು ಹಾಳೆ ನೋಡಿ ಹೇಳಿದರು: “ಈ ಮನುಷ್ಯ ನೀರಿನ ಹತ್ತಿರ ಹೋಗಿಯೇ ಇಲ್ಲ. ಮನೆಯಲ್ಲಿ ಕೂತು ಬರೆದಿದ್ದಾನೆ. ಈ ಕಾರ್ಡುಗಳನ್ನು ತೆಗೆದುಬಿಡಿ.”

ಬರೆದವರು ನನ್ನ ಮಾವ ಎಂದು ನಾನು ಹೇಳಲಿಲ್ಲ. “ಹದಿನೈದು ದಿನ ಕೊಡಿ ಸರ್” ಎಂದೆ. ಈ ಸಲ ರಜೆ ಸಿಕ್ಕಿತು.

ಮರವಂತೆಯಲ್ಲಿ ಬಸ್ಸಿನಿಂದ ಇಳಿದು ಮನೆಗೆ ಹೋದರೆ ಅತ್ತೆ, ಮಾವನ ಹೆಂಡತಿ, ಚಾವಡಿಯಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದರು.

“ಎಂತ ಹೆಣ್ಣೆ, ಬೊಂಬಾಯಂಗೆ ಅನ್ನ ಸಿಕ್ಕುದಿಲ್ಯಾ? ಹಿಡಿಕಡ್ಡಿ ಕಂಡಂಗ್ ಕಾಣ್ತೆ.”

ಊಟವಾದ ಮೇಲೆ ಕೇಳಿದೆ: “ಅತ್ತೆ, ಮಾವ ಬೆಳಗಿನ ಜಾವ ಮೂರ್ ಗಂಟಿಗೆಲ್ಲ ಹೊಳೆ ಹತ್ರ ಹೋತಿದ್ರಾ?”

“ಅವ್ರಾ? ಉಬ್ಬಸ ಕಟ್ಟಂಡ್ ಕಂಬಳಿ ಹೊದ್ದ್ ಮನಿಕಂಡಿರ್ತಿದ್ರ್. ನಾನೇ ಹೋತಿದ್ದೆ. ನಂಗೆ ಹ್ಯಾಂಗೂ ಎಚ್ಚರ ಆತಿತ್ತಲೆ.”

“ಮತ್ತೆ ಪುಸ್ತಕದೊಳ್ಗೆ ಇಪ್ಪುದ್ ಅವ್ರ ಅಕ್ಷರ?”

“ನಂಗ್ ಬರಿಯೂಕ್ ಎಲ್ಲಿ ಬತ್ತ್ ಮಾರಾಯ್ತಿ? ಅಂಕಿ ಗೊತ್ತಿತ್ತ್, ಗಡಿಯಾರ ಗೊತ್ತಿತ್ತ್. ಅಡ್ಗಿಮನಿ ಗೋಡಿ ಮೇಲೆ ಇದ್ಲಿ ಹಿಡ್ಕಂಡ್ ಗೀಚಿ ಇಡ್ತಿದ್ದೆ. ಹೊತ್ ಮೂಡದ್ ಮೇಲೆ ಅವ್ರ್ ಪುಸ್ತಕಕ್ಕ್ ಇಳ್ಸಿ, ಗೋಡಿ ಒರಸ್ತಿದ್ರ್.”

“ಯಾವ ತಾರೀಕಿಗೆ ಬರಿತಿದ್ರ್?”

“ಹಿಂದಿನ್ ದಿನದ್ದಕ್ಕೇ. ಹೊತ್ ಮೂಡ್ದೆ ದಿನ ಬದ್ಲಾತ್ತಾ? ನಿಮ್ಮ ಬೊಂಬಾಯಿ ಸೂರ್ಯ ನಡುರಾತ್ರಿಗೇ ಹುಟ್ಟತ್ತಾ?”

ಅತ್ತೆ ನಕ್ಕರು. ನಾನು ಒಳಗೆ ಹೋಗಿ ಗೋಡೆ ನೋಡಿದೆ. ಒರೆಸಿ ಒರೆಸಿ ಒಂದು ಕಡೆ ಬೂದು ಬಣ್ಣ ನಿಂತಿತ್ತು. ಹಾಗೆ ನೆನಪು, ಬರೀ ಹೊಗೆಯ ಮಸಿಯೂ ಇದ್ದಿರಬಹುದು.

ಪುಸ್ತಕದಲ್ಲಿ ಸಾಲುಗಳು ಸರಿಯಾದ ಕ್ರಮದಲ್ಲೇ ಇದ್ದವು. ಕೆಡಿಸಿದ್ದು ನಾನು. ಕಾರ್ಡಿನ ಕಟ್ಟು ಕೈಜಾರಿ ಬಿದ್ದರೂ ತೊಂದರೆಯಾಗದಿರಲಿ ಎಂದು, ಮೊದಲು ತಾರೀಕು, ಆಮೇಲೆ ಗಂಟೆ ನೋಡಿ ಜೋಡಿಸುವಂತೆ ಪ್ರೋಗ್ರಾಂ ಬರೆದಿದ್ದೆ. ಉದಾಹರಣೆಗೆ, ನಾಲ್ಕನೆಯ ತಾರೀಕಿನ ಕೊನೆಯ ಸಾಲಾಗಿದ್ದ, ನಿಜಕ್ಕೂ ಐದರ ಜಾವದ ಭರತವನ್ನು ಯಂತ್ರ ಅದೇ ತಾರೀಕಿನ ಮೊದಲಿಗೆ ತಂದು ಕೂರಿಸುತ್ತಿತ್ತು. ಭರತದ ವೇಳೆ ದಿನದಿಂದ ದಿನಕ್ಕೆ ಸರಿಯುವುದರಿಂದ, ಅದು ಜಾವಕ್ಕೆ ಬಿದ್ದ ದಿನಗಳಲ್ಲಿ ಮಾತ್ರ ಲೆಕ್ಕ ಕುಂಟುತ್ತಿತ್ತು.

ಬೊಂಬಾಯಿಗೆ ಮರಳಿ ನಾಲ್ಕು ಕಾರ್ಡು ಸೇರಿಸಿದೆ: ಊರು ಮರವಂತೆಯಾಗಿದ್ದು ವೇಳೆ ಬೆಳಗಿನ ಆರಕ್ಕೆ ಮುಂಚಿನದಾದರೆ ತಾರೀಕಿಗೆ ಒಂದು ಕೂಡಿಸು. ಮರುದಿನ ಬಂದ ಹಾಳೆಯಲ್ಲಿ ಹನ್ನೆರಡು ಇಪ್ಪತ್ತೈದರ ಆಸುಪಾಸಿನ ಅಂಕಿಗಳು ಸಾಲಾಗಿ ನಿಂತಿದ್ದವು. ಮುಖ್ಯಸ್ಥರು ಹಾಳೆ ಮಡಚಿ, “ಇರಲಿ, ಸೇರಿಸಿಕೊಳ್ಳೋಣ” ಎಂದರು. ಪ್ರೋಗ್ರಾಂ ಸರಿ, ಅಂಕಿ ಸರಿ, ಉತ್ತರ ಮಾತ್ರ ತಪ್ಪು ಎಂದಾಗ, ಅಂಕಿ ಬರೆದವರ ಮನೆಯಲ್ಲಿ ದಿನ ಯಾವಾಗ ಶುರುವಾಗುತ್ತದೆ ಎಂದು ಕೇಳಿ ಬರಬೇಕು. ಆಮೇಲೆ ಕೈಕೆಳಗಿನವರಿಗೆಲ್ಲ ನಾನು ಹೇಳಿಕೊಟ್ಟದ್ದು ಇಷ್ಟೇ.

ವರದಿಯ ಕೊನೆಯಲ್ಲಿ ಅಳತೆ ನೋಡಿದವರ ಹೆಸರುಗಳನ್ನು ಅಚ್ಚು ಹಾಕಿಸಬೇಕಿತ್ತು. ಪ್ರತಿ ಊರಿಗೂ ಒಂದೇ ಹೆಸರಿಗೆ ಜಾಗ. ಮಾವನ ವರ್ಷಾಂತಿಕಕ್ಕೆ ಹೋದವಳು, ನೆಂಟರೆಲ್ಲ ಎದ್ದುಹೋದ ಮೇಲೆ ಅತ್ತೆಗೆ ಅದನ್ನು ವಿವರಿಸಿದೆ. ಅವರು ತೊಳೆದ ತಾಮ್ರದ ಚೊಂಬನ್ನು ಸೆರಗಿನಿಂದ ಒರೆಸುತ್ತಿದ್ದರು. ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

“ಅತ್ತೆ, ಯಾರ ಹೆಸ್ರ್ ಬರೀಲಿ? ಮಾವಂದಾ, ನಿಮ್ದಾ?”