ಹಡಗಿನ ಮರದ ಮಾಡು

ಶುಕ್ರವಾರ ಬೆಳಿಗ್ಗೆ, ಮಸ್ಕತ್ತಿನಿಂದ ಒಂದೂವರೆ ಗಂಟೆ ದೂರದ ನಿಜ್ವಾದಲ್ಲಿ ಯಾರೋ ಹಳೇ ಮನೆಯ ಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲೇ ನಾನು ಕರಾವಳಿಯ ನಮ್ಮೂರಿನ ಕಾಲೇಜಿನ, ಅದೇ ಎಣ್ಣೆ ವಾಸನೆಯ ಹಳೇ ಸಭಾಂಗಣದಲ್ಲಿ ಅಂಗಾತ ಮಲಗಿದ್ದೆ. ನಗಬೇಡಿ. ನಮ್ಮ ಚರಿತ್ರೆಯ ಸರ್ ಮೊದಲ ದಿನ ಎಲ್ಲರನ್ನೂ ನೆಲದ ಮೇಲೆ ಮಲಗಿಸಿಯೇ ಪಾಠ ಶುರುಮಾಡುತ್ತಿದ್ದರು.

"ಮೇಲೆ ನೋಡಿ ಮಾರಾಯ್ರೆ, ತೊಲೆಯಲ್ಲಿ ಮೊಳೆಯ ತೂತು ಉಂಟಲ್ಲ? ಅದು ಮಸ್ಕತ್ತಿನ ಹಡಗು."

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲೇಜು ಶುರುವಾದಾಗ ಪಾಠ ನಡೆಯುತ್ತಿದ್ದದ್ದು ಹಂಚಿನ ಗೋದಾಮಿನಲ್ಲಂತೆ. ಸ್ವಂತ ಗೋಡೆ ಎದ್ದಿತು, ಮೇಲಿನ ಮಾಡಿಗೆ ಮರ ಸಾಲಲಿಲ್ಲ. ಆಗಲೇ ಮಸ್ಕತ್ತಿನಿಂದ ಖರ್ಜೂರ ತರುತ್ತಿದ್ದ ಹಡಗೊಂದು, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಒಡೆಯಿತು. ಬದುಕಿ ಬಂದವರಿಗಾಗಿ ಪಾಠ ನಿಲ್ಲಿಸಿ ಗೋದಾಮು ಬಿಟ್ಟುಕೊಟ್ಟರು. ಊರಿಗೆ ಮರಳುವಾಗ ಅವರು ಹಡಗಿನ ಮರವನ್ನೆಲ್ಲ ಕಾಲೇಜಿಗೆ ಬಿಟ್ಟು ಹೋದರು. ಓದಿದ ರಾಜರೆಲ್ಲ ಮರೆತುಹೋದರೂ ನನಗೆ ಇದೊಂದು ನೆನಪಿದೆ.

ಅದೇ ಸಂಜೆ ಮಸ್ಕತ್ತಿನ ಅಲ್ ಅಜೈಬಾದಲ್ಲಿ ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳ ಸಭೆ. ಮಾಡು ಸೋರುತ್ತದೆಂದು ಅದನ್ನು ಕೆಡವಿ ಕಾಂಕ್ರೀಟು ಹಾಕಿಸಲು ಸದಾನಂದಣ್ಣ ಹೊರಟಿದ್ದರು. ಕಾಲೇಜಿನವರು ನಮ್ಮ ಒಪ್ಪಿಗೆಗಷ್ಟೇ ಕಾಯುತ್ತಿದ್ದರು. ಸದಾನಂದಣ್ಣನೂ ಆ ನೆಲದಲ್ಲಿ ಮಲಗಿದವರೇ. ಈಗ ನಾನು ಕೆಲಸ ಮಾಡುವ ಕಂಪನಿಯ ಯಜಮಾನರು. ಮುಂದಿನ ತಿಂಗಳು ನನ್ನ ವೀಸಾ ನವೀಕರಿಸಬೇಕಾದವರೂ ಅವರೇ.

"ಯಾರದ್ದಾದ್ರೂ ಆಕ್ಷೇಪ ಉಂಟಾ? ಇಲ್ಲದಿದ್ರೆ ಖಲಾಸ್," ಎಂದರು.

ಪಕ್ಕದಲ್ಲಿ ಸಹಪಾಠಿ ಇಸ್ಮಾಯಿಲ್ ತಲೆ ತಗ್ಗಿಸಿದ. ಕೆಡವಬೇಡಿ ಎನ್ನಬೇಕೆಂದಿದ್ದೆ, ವೀಸಾ ನೆನಪಾಯಿತು. ಹೆದರಿದ್ದೆ, ಮುಚ್ಚಿಡುವುದೇಕೆ? ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕುರ್ಚಿ ಸರಿಸಿ, ಈ ಡೊಳ್ಳುಹೊಟ್ಟೆ ಸಮೇತ ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿಬಿಟ್ಟೆ.

"ಅಯ್ಯೋ, ಎಂತ ಆಯ್ತು ಇವರಿಗೆ? ನೀರು ತನ್ನಿ!" ಯಾರೋ ಕೂಗಿದರು.

"ಎಂತದೂ ಆಗ್ಲಿಲ್ಲ. ಮಾಡು ನೋಡುವುದು," ಎಂದ ಇಸ್ಮಾಯಿಲ್, ತಾನೂ ಬಂದು ಪಕ್ಕದಲ್ಲಿ ಮಲಗಿದ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಮೇಲೆ ಬಿಳಿ ಜಿಪ್ಸಮ್ ಬಿಟ್ಟರೆ ಏನೂ ಕಾಣಲಿಲ್ಲ.

ಸದಾನಂದಣ್ಣನ ಬೂಟು ನನ್ನ ಕಿವಿಯ ಬಳಿ ಬಂದು ನಿಂತಿತು. "ಭಾನುವಾರ ನನ್ನನ್ನು ಬಂದು ನೋಡು. ಮಾತಾಡ್ಲಿಕ್ಕುಂಟು," ಎಂದವರೇ ಹೊರಟುಹೋದರು.

ಇವತ್ತು ಭಾನುವಾರ, ಇಲ್ಲಿ ವಾರದ ಕೆಲಸ ಶುರುವಾಗುವ ದಿನ. ಆಫೀಸಿನಲ್ಲಿ ಅವರ ಕೋಣೆಯ ಹೊರಗೆ ಕೂತು ನಿಮಗಿದನ್ನು ಹೇಳುತ್ತಿದ್ದೇನೆ. ಕಾಲೇಜಿಗೆ ನಮ್ಮ ಒಪ್ಪಿಗೆ ಇನ್ನೂ ಹೋಗಿಲ್ಲ, ನನ್ನ ಹೆದರಿಕೆಯೂ ಹೋಗಿಲ್ಲ. ಇಷ್ಟು ವರ್ಷ ಈ ದೇಶಕ್ಕೆ ಹೊಟ್ಟೆಪಾಡಿಗೆ ಬಂದವನು ನಾನು ಎಂದುಕೊಂಡಿದ್ದೆ. ಬರುವ ಮೊದಲೇ ಈ ದೇಶದವರು ಕೊಟ್ಟ ಸೂರಿನಡಿ ಕೂತು ಪಾಠ ಕಲಿತವನು ಎಂಬುದು ಹೊಳೆದೇ ಇರಲಿಲ್ಲ. ಒಳಗೆ ಕರೆದರೆ ಮೊದಲು ಅದನ್ನೇ ಹೇಳುತ್ತೇನೆ. ಈ ಸಲ ನಿಂತುಕೊಂಡೇ.